ಎರಡು ಇಸ್ತ್ರಿಗಳ ನಡುವೆ

ಕೈಯಲ್ಲೊಂದು ಇಸ್ತ್ರಿ, ತಲೆಯ ಮೇಲೊಂದು.
ಕೈಯಲ್ಲಿರುವುದಕ್ಕೆ ತೆಂಗಿನ ಚಿಪ್ಪಿನ ಕೆಂಡ ನಾನೇ ತುಂಬುತ್ತೇನೆ,
ಆರಿದರೆ ಬೀಸುತ್ತೇನೆ, ಸಾಕೆನಿಸಿದರೆ ಎತ್ತಿಡುತ್ತೇನೆ.
ಮೇಲಿನದಕ್ಕೆ ಹಿಡಿಯೇ ಇಲ್ಲ.
ಹನ್ನೊಂದಕ್ಕೆ ಕಾಯಲು ಹತ್ತಿದರೆ
ಸಂಜೆಯ ಪ್ಯಾಸೆಂಜರ್ ಕೂಗುವವರೆಗೂ
ನೆತ್ತಿ ಉಜ್ಜುತ್ತಲೇ ಇರುತ್ತದೆ.

ಅರಸೀಕೆರೆ, ಸ್ಟೇಷನ್ನಿನ ಹಿಂದುಗಡೆ,
ಹತ್ತಡಿಗೆ ಹನ್ನೆರಡಡಿ, ಆರು ಶೀಟು.
ಹಾಕಿದ ವೆಲ್ಡರ್ ಹೇಳಿದ್ದ,
‘ಮೂವತ್ತು ವರ್ಷ ಏನೂ ಆಗಲ್ಲ ಬಿಡಣ್ಣ.’
ನಿಜ. ಶೀಟಿಗೆ ಏನೂ ಆಗಿಲ್ಲ.

ಕರೆಂಟು ಹೋದರೆ ಇರಲೆಂದು ಗೂಡಿನಲ್ಲಿಟ್ಟ ಮೇಣದ ಬತ್ತಿ
ಹೊತ್ತಿಸದೆಯೇ ಮಧ್ಯಾಹ್ನ ಸೊಂಟ ಬಗ್ಗಿಸುತ್ತಿತ್ತು.
ಅದೇ ನಮ್ಮ ಥರ್ಮಾಮೀಟರು.
ನೆಟ್ಟಗೆ ನಿಂತರೆ ಮೋಡ, ಬಾಗಿದರೆ ಬಿಸಿಲು,
ಗೋಡೆಗೆ ಹಣೆ ತಾಗಿಸಿದ ದಿನ
ನಾನೂ ಸಣ್ಣತಾಯಿಯೂ ಮಾತು ಬಿಡುತ್ತಿದ್ದೆವು.
ಜಗಳವಲ್ಲ. ಜಗಳಕ್ಕೂ ಬೆವರು ಬೇಕಲ್ಲ.

ಸೀಲಿಂಗ್ ಹೊಡೆಸು ಎಂದರು ಯಾರೋ: ಹದಿನೆಂಟು ಸಾವಿರ.
ಜೊತೆಗೆ ಹದಿನಾರು ರೂಪಾಯಿಯಂತೆ ಲೆಕ್ಕ ಹಾಕಿದೆ,
ಸಾವಿರದ ನೂರಿಪ್ಪತ್ತೈದು ಜೊತೆ.
ಅಷ್ಟು ಉಜ್ಜುವ ಹೊತ್ತಿಗೆ
ಬೇಸಿಗೆ ತಾನಾಗಿಯೇ ಮುಗಿದಿರುತ್ತದೆ.

ಬಿಟ್ಟಿ ಸಿಕ್ಕ ತೆಂಗಿನ ಗರಿ ಹೊದಿಸಿದೆ.
ವಾರ ತಂಪಾಗಿತ್ತು.
ಆಮೇಲೆ ಇಲಿ ಬಂತು,
ಇಲಿಯ ಹಿಂದೆ, ರಾತ್ರಿ ಹೊತ್ತು ಹೆಸರು ಹೇಳಬಾರದ್ದು ಬಂತು,
ಕೊನೆಗೊಂದು ಗಾಳಿ ಬಂದು
ಗರಿಯನ್ನೆಲ್ಲ ಪಕ್ಕದ ಗ್ಯಾರೇಜಿನವನಿಗೆ ಕೊಟ್ಟುಹೋಯಿತು.

ಒಂದು ದಿನ, ಒಂದೇ ಹಗ್ಗದ ಮೇಲೆ
ವಕೀಲ ಮೈಲಾರಪ್ಪನವರ ಕರಿ ಕೋಟು, ಬಿಳಿ ಪಂಚೆ.
ತೆಗೆಯಲು ಹೋದೆ. ಕೋಟು ಚುರುಗುಟ್ಟಿತು,
ಪಂಚೆ ಸುಮ್ಮನಿತ್ತು.
ಒಂದೇ ಬಿಸಿಲು, ಒಬ್ಬರೇ ವಕೀಲರು.
ಇಪ್ಪತ್ತೆರಡು ವರ್ಷ ಮುಟ್ಟಿ ಮುಟ್ಟಿ ತಿಳಿದಿದ್ದ ಕೈ
ತಲೆಗೆ ಹೇಳಿರಲೇ ಇಲ್ಲ.

ಫ್ರಿಜ್ಜು ಅಂಗಡಿಯ ಅನೀಸ್ ಬಂದವನು
ನನ್ನ ಮೇಜಿನ ಕಂಬಳಿ ಎತ್ತಿ ನೋಡಿ ಅಂದ,
‘ಹಲಗೆ ಸುಡದಂತೆ ಕಾಯೋದು ಬರೀ ಉಣ್ಣೆಯಲ್ಲ ಅಣ್ಣಾ,
ಮಡಿಕೆಯೊಳಗೆ ಸಿಕ್ಕಿಕೊಂಡ ಗಾಳಿ.
ಫ್ರಿಜ್ಜಿನ ಗುಟ್ಟೂ ಅಷ್ಟೇ.’

ಶುರುವಾಯಿತು.
ಬಿಸಿಲು ಇಳಿದ ಮೇಲೆ ಶೀಟು ಹತ್ತಿದೆ,
ಸೀರೆ ತುಂಡಲ್ಲಿ ಸೋಸಿದ ಸುಣ್ಣ, ಅದಕ್ಕೆ ಬಡಗಿಯ ಅಂಟು,
ಎರಡು ಕೈ ಬಳಿದೆ.
ಕೆಳಗೆ ಸಣ್ಣತಾಯಿ ಸಿಮೆಂಟು ಚೀಲ ಬಿಡಿಸಿ ಹೊಲಿದಳು,
ಅನೀಸನ ಡಬ್ಬಗಳ ಥರ್ಮೋಕೋಲ್ ಒಳಗಿಟ್ಟು
ಬಿದಿರು ದಬ್ಬೆಗೆ ಕಟ್ಟಿದೆವು,
ಶೀಟಿಗೆ ತಾಗದ ಹಾಗೆ, ನಡುವೆ ಒಂದು ಗೇಣು ಬಿಟ್ಟು,
ಎರಡೂ ತುದಿಯಲ್ಲಿ ಗಾಳಿಗೆ ದಾರಿ.
ಕೆಂಡದ ಪೆಟ್ಟಿಗೆಯ ನೇರಕ್ಕೆ ಮಾತ್ರ ಖಾಲಿ ಬಿಟ್ಟೆವು.
ಒಂದು ಕಿಡಿ ಸಾಕು. ಅಷ್ಟು ಜಾಗದಲ್ಲಿ
ಈಗಲೂ ಸುಡುತ್ತದೆ, ಸುಡಲಿ.

ಸುಣ್ಣ ಇನ್ನೂರೆಂಬತ್ತು, ಅಂಟು ಮುನ್ನೂರರವತ್ತು,
ಬಿದಿರು ನಾನ್ನೂರೈವತ್ತು, ಚೀಲ ಎಪ್ಪತ್ತು.
ಅನೀಸನಿಗೆ ಅವನ ತಮ್ಮನ ಮದುವೆಯ ಶೇರ್ವಾನಿ,
ಅದು ಬರೆಯದ ಬಾಕಿ.

ಮರುದಿನ ಬತ್ತಿಯನ್ನೇ ನೋಡುತ್ತ
ಯಾರದೋ ಕಾಲರು ಎರಡು ಸಲ ಉಜ್ಜಿದೆ.
ಒಂದು ಗಂಟೆ, ನೆಟ್ಟಗೆ. ಎರಡು, ನೆಟ್ಟಗೆ.
ಮೂರಕ್ಕೆ ಕೊಂಚ ತಲೆ ಬಾಗಿಸಿತು,
ದಾರಿಯಲ್ಲಿ ಸಿಕ್ಕ ಪರಿಚಯದವರಿಗೆ ಬಾಗಿದಷ್ಟು.

ವೆಲ್ಡರ್ ನಿಂತು ನೋಡಿ ನಕ್ಕ,
‘ಮಳೆ ಬಂದ್ರೆ ಸುಣ್ಣ ತೊಳೆದು ಹೋಗ್ತದಣ್ಣ.’
ಹೋಗಲಿ ಮಾರಾಯ.
ಒಮ್ಮೆ ಮಾಡಿದ್ದು ಮತ್ತೆ ಮಾಡುವುದೇ
ಮಡಿವಾಳರ ಕಸುಬು.

ಆಗಲೇ ಒಳಗಿಂದ ಸಣ್ಣತಾಯಿ,
ಎಷ್ಟೋ ದಿನದ ಮೇಲೆ, ಮಟಮಟ ಮಧ್ಯಾಹ್ನದಲ್ಲಿ,
‘ಪಂಚೆ ಅಂಚು ಸೊಟ್ಟ ಮಡಚಿದ್ದೀಯ,
ಕಣ್ಣು ಎಲ್ಲಿಟ್ಟಿದ್ದೀಯ?’